ದುರ್ಗ ಬಿದ್ದ ಮೇಲೆ ಏನಾಯ್ತು?



ಒಂದು ಕಾದಂಬರಿ ಓದಿ ಮುಗಿಸಿದಾಗ ‘ಇದಕ್ಕೆ ಇನ್ನೊಂದು ಭಾಗ ಇದ್ದಿದ್ದರೆ’ ಎಂದು ಹಂಬಲಿಸದ ಓದುಗರಿಲ್ಲ. ಆ ಹಂಬಲದ ಬಗ್ಗೆ ಮಾತಾಡಲು ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಜನರಿಗೆ ಉಳಿದವರಿಗಿಂತ ತುಸು ಹೆಚ್ಚು ಹಕ್ಕುಂಟು. ಚಿತ್ರದುರ್ಗವೆಂಬ ಒಂದೇ ಊರಿನ, ಒಂದೇ ಸಿಂಹಾಸನದ ಕತೆಯನ್ನು ಎಂಟು ಕಾದಂಬರಿಗಳ ಉದ್ದಕ್ಕೂ ಹೇಳಿದ ತ.ರಾ.ಸು. ನಮ್ಮ ಕಡೆಯವರು. ಹೆಸರಿನ ಮೊದಲಕ್ಷರದಲ್ಲಿರುವುದು ನಮ್ಮ ತಳುಕು. ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದರೆ ಮೊಳಕಾಲ್ಮುರಿನ ಕಡೆ ತಿರುಗುವ ಮೊದಲೇ ಸಿಗುವ ಊರು. ಅವರು ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಮನೆತನದ ಬೇರು ಮಾತ್ರ ಇಲ್ಲಿಯದು. ಅವರ ದೊಡ್ಡಪ್ಪ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿರುವುದು ಈ ಗುರುವಿಗೆ. ಮಳೆಯಿಲ್ಲದ ಬರಡು ಸೀಮೆ ಎಂದು ನಮ್ಮನ್ನು ಮೂಗು ಮುರಿದು ನೋಡುವವರ ಕಿವಿಗೆ ಇದನ್ನು ಆಗಾಗ ಹಾಕುತ್ತಿರಬೇಕು.

ಆ ಎಂಟು ಪುಸ್ತಕಗಳ ಹೆಸರನ್ನು ಒಮ್ಮೆ ಕೇಳಿ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’, ‘ಹೊಸಹಗಲು’, ‘ವಿಜಯೋತ್ಸಾಹ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’, ‘ದುರ್ಗಾಸ್ತಮಾನ’. ಬರೀ ಹೆಸರುಗಳನ್ನು ಸಾಲಾಗಿ ಹೇಳಿದರೂ ಏರಿದ್ದು, ಇಳಿದದ್ದು ತಿಳಿಯುತ್ತದೆ. ಮೊದಲ ಮೂರನ್ನು ಬಿಡಿಬಿಡಿಯಾಗಿ ಓದಲು ಬರುವುದಿಲ್ಲ. ಒಂದನ್ನು ಮುಗಿಸಿ ಇನ್ನೊಂದು ಕೈಗೆ ಸಿಗದಿದ್ದರೆ ಆ ರಾತ್ರಿ ನಿದ್ದೆ ಕೆಟ್ಟಿತೆಂದೇ ಲೆಕ್ಕ. ಅರಮನೆಯ ಒಳಸಂಚು, ದಳವಾಯಿ ಮುದ್ದಣ್ಣನ ಕಾಲದ ದುರ್ಗ, ಗದ್ದುಗೆ ಏರಿದವರು ಒಬ್ಬರ ಹಿಂದೊಬ್ಬರು ಉರುಳುವುದು. ಅಲ್ಲಿಂದ ಭರಮಣ್ಣ ನಾಯಕ, ಹಿರೇ ಮದಕರಿ ನಾಯಕ, ಕಸ್ತೂರಿ ರಂಗಪ್ಪ ನಾಯಕ ಎಂದು ತಲೆಮಾರು ತಲೆಮಾರಾಗಿ ಇಳಿದು ಬಂದು, ಕೊನೆಯ ಮದಕರಿಯ ಹತ್ತಿರ ಕತೆ ನಿಲ್ಲುತ್ತದೆ.

ಈ ಮಾಲೆಯಲ್ಲಿ ಒಂದು ವಿಚಿತ್ರವಿದೆ. ಸಾಮಾನ್ಯವಾಗಿ ಮುಂದಿನ ಭಾಗ ಬೇಕು ಎನ್ನುವವನಿಗೆ ಮುಂದೇನಾಗುತ್ತದೆ ಎಂಬುದು ಗೊತ್ತಿರುವುದಿಲ್ಲ. ನಮ್ಮ ಓದುಗರಿಗೆ ಗೊತ್ತಿತ್ತು. 1779ರಲ್ಲಿ ಹೈದರಾಲಿ ದುರ್ಗ ಹಿಡಿದ, ಮದಕರಿ ನಾಯಕನನ್ನು ಮನೆಯವರ ಸಮೇತ ಶ್ರೀರಂಗಪಟ್ಟಣಕ್ಕೆ ಒಯ್ದ ಎಂಬುದು ಪುಸ್ತಕ ಮುಟ್ಟದವರಿಗೂ ತಿಳಿದ ಸಂಗತಿ. ಬಯಲಾಟ ನೋಡಿದವರಿಗೆ ಗೊತ್ತು, ಕೋಟೆಗೆ ಶಾಲಾ ಪ್ರವಾಸ ಹೋದ ಮಕ್ಕಳಿಗೆ ಗೊತ್ತು, ಓಬವ್ವನ ಕಿಂಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡವರಿಗೆ ಗೊತ್ತು. ಹಾಗಿದ್ದೂ ಕೊನೆಯ ಭಾಗ ಬೇಕು ಎಂದರು. ನಮ್ಮ ಮನೆಯಲ್ಲೇ ಯಾರದೋ ಸಾವಿನ ಸುದ್ದಿ ಗೊತ್ತಿದ್ದೂ ‘ಹೇಗಾಯ್ತು, ಸರಿಯಾಗಿ ಹೇಳು’ ಎಂದು ಕೇಳುತ್ತೇವಲ್ಲ, ಆ ಬಗೆಯ ಬೇಡಿಕೆ ಅದು. ‘ದುರ್ಗಾಸ್ತಮಾನ’ ಬಂದದ್ದು ತ.ರಾ.ಸು. ಅವರ ಬಾಳಿನ ಕೊನೆಗೆ. 1984ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು, ಮರುವರ್ಷ ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ತೆಗೆದುಕೊಳ್ಳಲು ಲೇಖಕರಿಲ್ಲ, ಮುಂದಿನ ಭಾಗ ಕೇಳಲು ದುರ್ಗವಿಲ್ಲ.

ಇಲ್ಲ ಎಂದೆನೇ? ಅವರ ‘ಹಂಸಗೀತೆ’ಯನ್ನು ನೆನೆಸಿಕೊಳ್ಳಿ. ಭೈರವಿ ವೆಂಕಟಸುಬ್ಬಯ್ಯನ ಕತೆ. ಮದಕರಿಯ ದುರ್ಗದಲ್ಲಿ ಬೆಳೆದ ಸಂಗೀತಗಾರ, ಟಿಪ್ಪುವಿನ ಅಪ್ಪಣೆಗೆ ಹಾಡಲಾರೆನೆಂದು ನಾಲಗೆಯನ್ನೇ ಕತ್ತರಿಸಿಕೊಂಡವನು. ಆ ಕತೆ ದುರ್ಗ ಬಿದ್ದ ಮೇಲಿನ ಕಾಲಕ್ಕೂ ಚಾಚಿಕೊಂಡಿದೆ. ಅಂದರೆ ಕಾಲದ ಲೆಕ್ಕದಲ್ಲಿ ‘ದುರ್ಗಾಸ್ತಮಾನ’ದ ಮುಂದಿನ ಭಾಗ ಅದೇ. ಬರೆದದ್ದು ಮಾತ್ರ ಸುಮಾರು ಮೂವತ್ತು ವರ್ಷ ಮೊದಲು, 1952ರಲ್ಲಿ! ಯಾವ ಕ್ರಮದಲ್ಲಿ ಓದಬೇಕು ಎಂದು ಯಾರಾದರೂ ಹುಡುಗರು ಕೇಳಿದರೆ ನಾನು ಹೇಳುವುದು ಇಷ್ಟೇ: ‘ದುರ್ಗಾಸ್ತಮಾನ’ ಮುಗಿಸಿ, ಎರಡು ದಿನ ಬಿಟ್ಟು, ‘ಹಂಸಗೀತೆ’ ತೆಗೆಯಿರಿ. ರಾಜ ಸೋತ ಮೇಲೂ ಸೋಲದ ಒಬ್ಬ ಮನುಷ್ಯ ಆ ಊರಿನಲ್ಲಿ ಉಳಿದಿದ್ದ ಎಂಬುದು ಆಗ ಬೇರೆಯದೇ ತೂಕದಿಂದ ತಟ್ಟುತ್ತದೆ. ಜಿ.ವಿ. ಅಯ್ಯರ್ 1975ರಲ್ಲಿ ಮಾಡಿದ ಸಿನಿಮಾ ನೋಡಿ ತೃಪ್ತರಾದವರಿಗೂ ಇದೇ ಸಲಹೆ.

ತ.ರಾ.ಸು. ಅವರಿಗೆ ಒಂದು ಪುಸ್ತಕದಲ್ಲಿ ಕತೆ ಮುಗಿಸುವ ಅಭ್ಯಾಸವೇ ಇರಲಿಲ್ಲವೋ ಏನೋ. ‘ನಾಗರಹಾವು’ ಒಂಟಿ ಕಾದಂಬರಿಯಲ್ಲ. ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಅದರ ಜೊತೆಯವು. ನಾಗಾಭರಣ ಅವರು ರಾಜ್‌ಕುಮಾರ್ ಅವರನ್ನು ಹಾಕಿಕೊಂಡು 1993ರಲ್ಲಿ ತೆಗೆದ ‘ಆಕಸ್ಮಿಕ’ದ ಹಿಂದೆಯೂ ‘ಆಕಸ್ಮಿಕ’, ‘ಅಪರಾಧಿ’, ‘ಪರಿಣಾಮ’ ಎಂಬ ಮೂರು ಕಾದಂಬರಿಗಳಿವೆ. ಸಿನಿಮಾದವರು ಮೂರನ್ನು ಹಿಂಡಿ ಮೂರು ಗಂಟೆಗೆ ಇಳಿಸುತ್ತಾರೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ಮಾಡಿದಾಗ ಕೊನೆಯಲ್ಲಿ ಕಥಾನಾಯಕ ರಾಮಾಚಾರಿಯನ್ನು ಪ್ರೇಯಸಿ ಮಾರ್ಗರೆಟ್‌ ಜೊತೆ ಬೆಟ್ಟದ ಮೇಲಿಂದ ಹಾರಿಸಿಬಿಟ್ಟರು. ಮುಂದಿನ ಭಾಗದ ಬಾಗಿಲಿಗೆ ಅದಕ್ಕಿಂತ ಗಟ್ಟಿಯಾದ ಬೀಗ ಬೇರೆ ಯಾವುದಿದೆ? ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ತ.ರಾ.ಸು. ಬೇಸರಪಟ್ಟರಂತೆ ಎಂಬ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ಜನ ಆ ಬೀಗವನ್ನೂ ಒಪ್ಪಲಿಲ್ಲ ನೋಡಿ. ಹಾರಿ ಹೋದ ರಾಮಾಚಾರಿಯ ಹೆಸರು ಹೊತ್ತು 1991ರಲ್ಲಿ ಒಂದು ಸಿನಿಮಾ, 2014ರಲ್ಲಿ ಇನ್ನೊಂದು ಬಂತು. ಕತೆಗೂ ಕತೆಗೂ ಸಂಬಂಧವಿಲ್ಲ. ಹೆಸರೊಂದಿದ್ದರೂ ಸಾಕು ಎನ್ನುವಷ್ಟು ಹಸಿವು.

ಈ ಹಸಿವನ್ನು ಚೆನ್ನಾಗಿ ಬಲ್ಲವರು ಬಾಡಿಗೆ ಪುಸ್ತಕದ ಅಂಗಡಿಯವರು. ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಅಂಗಡಿ, ಹಗ್ಗಕ್ಕೆ ನೇತುಹಾಕಿದ ವಾರಪತ್ರಿಕೆ, ಒಳಗೆ ರಟ್ಟು ಹಾಕಿಸಿದ ಪತ್ತೇದಾರಿ ಕಾದಂಬರಿಗಳ ಸಾಲು. ‘ಅಣ್ಣಾ, ಇದ್ರ ಮುಂದಿಂದು ಬಂದೈತಾ?’ ‘ಇಲ್ಲಮ್ಮ, ಯಾರೋ ಒಯ್ದವ್ರು ಇನ್ನೂ ತಂದಿಲ್ಲ, ಸೋಮವಾರ ಬಾ.’ ಬಿ.ಟಿ.ಎಸ್. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಎನ್. ನರಸಿಂಹಯ್ಯನವರು ಐದುನೂರಕ್ಕೂ ಹೆಚ್ಚು ಕಾದಂಬರಿ ಬರೆದು ಪತ್ತೇದಾರ ಪುರುಷೋತ್ತಮನನ್ನು ಮನೆಮಾತಾಗಿಸಿದ್ದು ಇಂಥ ಅಂಗಡಿಗಳ ಮೂಲಕ. ಪತ್ತೇದಾರಿಯಲ್ಲಿ ಒಂದು ಅನುಕೂಲವಿದೆ: ಕೊಲೆ ಮುಗಿಯುತ್ತದೆ, ಪತ್ತೇದಾರ ಮುಗಿಯುವುದಿಲ್ಲ. ಷರ್ಲಾಕ್ ಹೋಮ್ಸನನ್ನು 1893ರಲ್ಲಿ ಜಲಪಾತಕ್ಕೆ ಬೀಳಿಸಿ ಕೈತೊಳೆದುಕೊಳ್ಳಲು ನೋಡಿದ ಕಾನನ್ ಡಾಯಲ್, ಹತ್ತು ವರ್ಷದ ಮೇಲೆ ಅವನು ಸತ್ತೇ ಇರಲಿಲ್ಲ ಎಂದು ಬರೆಯಬೇಕಾಯಿತು. ಓದುಗರ ಕಾಟಕ್ಕೆ ಅಷ್ಟು ಬಲ. ಬಾಡಿಗೆ ಪುಸ್ತಕಗಳಲ್ಲಿ ಇನ್ನೊಂದು ಸಂಕಟವಿತ್ತು. ಕೈಯಿಂದ ಕೈಗೆ ಹೋಗಿ ಕೊನೆಯ ನಾಲ್ಕಾರು ಪುಟ ಹರಿದಿರುತ್ತಿದ್ದವು. ಕೊಲೆಗಾರ ಯಾರೆಂದು ತಿಳಿಯದೆ ಉಳಿದವರು ತಾವೇ ಒಬ್ಬನನ್ನು ಹಿಡಿದು ಅಪರಾಧಿ ಮಾಡುತ್ತಿದ್ದರು. ಅದಕ್ಕಾಗಿ ಗೆಳೆಯರ ನಡುವೆ ಜಗಳವಾದದ್ದೂ ಉಂಟು.

ಮೊಳಕಾಲ್ಮುರಿನ ಕಡೆಗೆ ಇನ್ನೊಂದು ಸೌಲಭ್ಯ. ಗಡಿಯಾಚೆ ರಾಯದುರ್ಗ, ಮನೆಮಾತು ತೆಲುಗಾಗಿರುವ ಮನೆಗಳು ಬೇಕಾದಷ್ಟಿವೆ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಕನ್ನಡದಲ್ಲಿ ಓದಿ ಬೆಚ್ಚಿಬಿದ್ದವರು ಮುಂದೇನೆಂದು ಕಾಯುವಾಗ, ತೆಲುಗು ಬಲ್ಲವರು ಅದರ ಮುಂದುವರಿಕೆಯಾದ ‘ತುಳಸಿ’ಯನ್ನು ಮೂಲದಲ್ಲೇ ಓದಬಹುದಿತ್ತು. ಎರಡು ಭಾಷೆ ಬಲ್ಲವನಿಗೆ ಕಾಯುವ ಕಷ್ಟ ಕಡಿಮೆ. ಗುಟ್ಟು ಕಾಯ್ದುಕೊಳ್ಳುವ ಕಷ್ಟ ಹೆಚ್ಚು.

ಈಗ ಗಂಭೀರ ಕಾದಂಬರಿಗಳ ಕಡೆ ಬರೋಣ. ಓದುಗರು ಮುಂದಿನ ಭಾಗ ಬೇಕೆನ್ನುವ ಎಲ್ಲ ಕಾದಂಬರಿಗೂ ಅದು ಸಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಂತರ ‘ಬೆಟ್ಟದ ಜೀವ’ ತೆಗೆದುಕೊಳ್ಳಿ. ಗೋಪಾಲಯ್ಯ, ಶಂಕರಮ್ಮ ದಂಪತಿ ಮನೆ ಬಿಟ್ಟು ಹೋದ ಮಗ ಶಂಭುವಿಗಾಗಿ ಕಾಯುತ್ತಾರೆ. ದಾರಿತಪ್ಪಿ ಬಂದ ಅಪರಿಚಿತರಿಗೂ ಬಡಿಸುವ ಪ್ರೀತಿಯಲ್ಲಿ ಆ ಮಗನಿಗೆ ಎತ್ತಿಟ್ಟ ಪಾಲೂ ಇದೆ. ಶಂಭು ಬಂದನೇ? ಕಾರಂತರು ಹೇಳಲಿಲ್ಲ. ಹೇಳಿದ್ದರೆ ಆ ಬೆಟ್ಟದಷ್ಟು ದೊಡ್ಡ ಮುದುಕ ಒಂದು ಸಾಧಾರಣ ಸಂಸಾರದ ಕತೆಯ ಅಪ್ಪನಾಗಿಬಿಡುತ್ತಿದ್ದ. ತೇಜಸ್ವಿಯವರ ‘ಕರ್ವಾಲೊ’ದಲ್ಲೂ ಹಾಗೆ. ಅಷ್ಟು ಪಾಡುಪಟ್ಟು ಹುಡುಕಿದ ಹಾರುವ ಓತಿ ಕಣ್ಣೆದುರೇ ಕಣಿವೆಗೆ ತೇಲಿ ಹೋಗುತ್ತದೆ. ಎರಡನೆಯ ಭಾಗ ಬರೆದು ಅದನ್ನು ಹಿಡಿದು ಗಾಜಿನ ಪೆಟ್ಟಿಗೆಯಲ್ಲಿ ಹಾಕಿದ್ದರೆ ನಾವು ಮೊದಲ ಭಾಗವನ್ನೂ ಕಳೆದುಕೊಳ್ಳುತ್ತಿದ್ದೆವು. ‘ಮಲೆಗಳಲ್ಲಿ ಮದುಮಗಳು’ ಬೇರೆ ಜಾತಿ. ಅದು ಮುಗಿಯುವುದಿಲ್ಲ, ನಾವು ಪುಸ್ತಕ ಮುಚ್ಚುತ್ತೇವೆ, ಅಷ್ಟೇ. ಅಲ್ಲಿಯ ಗುತ್ತಿ, ತಿಮ್ಮಿ, ಐತ, ಪೀಂಚಲು ಎಲ್ಲರೂ ಆ ಕಾಡಿನಲ್ಲಿ ತಮ್ಮ ಪಾಡಿಗೆ ಇದ್ದಾರೆ ಎಂಬ ನಂಬಿಕೆ ಹೋಗುವುದಿಲ್ಲ. ಗುತ್ತಿಯ ನಾಯಿ ಹುಲಿಯನನ್ನು ಮಾತ್ರ ಕುವೆಂಪು ಬದುಕಿಸಬಹುದಿತ್ತು ಎಂದು ನಾನು ಇಂದಿಗೂ ಅಂದುಕೊಳ್ಳುತ್ತೇನೆ.

ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಕೊನೆಯಲ್ಲಿ ಉಳಿಯುವುದು ಒಬ್ಬ ಹುಡುಗ. ಪ್ಲೇಗು ಬಂದು ಅಕ್ಕ, ಅಣ್ಣ ಹೋದರು, ಆಮೇಲೆ ತಾಯಿ ನಂಜಮ್ಮನೂ ಹೋದಳು. ಉಳಿದ ಹುಡುಗ ವಿಶ್ವ ಮಹಾದೇವಯ್ಯನವರ ಹಿಂದೆ ಊರು ಬಿಟ್ಟು ಹೊರಡುತ್ತಾನೆ. ಆ ಹುಡುಗ ಏನಾದ ಎಂದು ಕೇಳದವರು ‘ಗೃಹಭಂಗ’ ಓದಿಲ್ಲ ಎಂದೇ ಅರ್ಥ. ಭೈರಪ್ಪ 1976ರಲ್ಲಿ ‘ಅನ್ವೇಷಣ’ ಬರೆದರು. ಆದರೆ ನಾವು ಕೇಳಿದಂತೆ ಬರೆಯಲಿಲ್ಲ. ನಮಗೆ ಬೇಕಿದ್ದದ್ದು ವಿಶ್ವ. ಅವರು ಕೊಟ್ಟದ್ದು ವಿಶ್ವನನ್ನು ಕಂಡವರ, ಸಾಕಿದವರ, ಕಳೆದುಕೊಂಡವರ ಮಾತುಗಳನ್ನು. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುವುದು ಬೇರೆ: ಮುಂದಿನ ಭಾಗ ಎಂದರೆ ಹೀಗಿರಬೇಕು. ಹಳೆಯ ಪುಸ್ತಕದ ಧಾಟಿಯನ್ನೇ ಎಳೆದು ಉದ್ದ ಮಾಡುವುದರಲ್ಲಿ ಏನು ಬಂತು?

ಇನ್ನು ಸಾವು ತುಂಡರಿಸಿದ ಕತೆಗಳು. ಅಲ್ಲಿ ಓದುಗನ ಅಳಲು ನ್ಯಾಯವಾದದ್ದೇ. ತೇಜಸ್ವಿ ತಮ್ಮ ‘ಮಾಯಾಲೋಕ’ದ ಹೆಸರಿನ ಮುಂದೆ ಒಂದು ಎಂಬ ಅಂಕಿ ಹಾಕಿದ್ದರು. 2007ರ ಏಪ್ರಿಲ್ 5ರಂದು ಅವರು ಹೋದರು. ಆ ಅಂಕಿಗೆ ಎರಡು ಎಂಬ ಜೊತೆ ಸಿಗಲೇ ಇಲ್ಲ. ತ್ರಿವೇಣಿಯವರದು ಇನ್ನೂ ಎದೆ ಹಿಂಡುವ ಸಂಗತಿ. 1963ರಲ್ಲಿ, ಇನ್ನೂ ಮೂವತ್ತೈದು ತುಂಬಿರಲಿಲ್ಲ, ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಬರೆಯುತ್ತಿದ್ದ ಕಾದಂಬರಿಯ ಹೆಸರು ‘ಅವಳ ಮಗಳು’. ಅದನ್ನು ಮುಗಿಸಿದವರು ಎಂ.ಸಿ. ಪದ್ಮ.

ಒಬ್ಬರ ಬರಹವನ್ನು ಇನ್ನೊಬ್ಬರು ಮುಗಿಸಬಹುದೇ? ಈ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಕುಮಾರವ್ಯಾಸ ಮಹಾಭಾರತವನ್ನು ಗದಾಪರ್ವದವರೆಗೆ, ಹತ್ತು ಪರ್ವಗಳಲ್ಲಿ ಹಾಡಿ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರೈಸಿದ. ಗಡಿಯಾಚೆಯ ತೆಲುಗು ಭಾರತಕ್ಕಂತೂ ಮೂವರು ಬೇಕಾಯಿತು: ನನ್ನಯ ಶುರುಮಾಡಿದ, ತಿಕ್ಕನ ವಿರಾಟಪರ್ವದಿಂದ ಕೊನೆಯವರೆಗೆ ಬರೆದ, ನಡುವೆ ಉಳಿದ ಅರಣ್ಯಪರ್ವದ ಭಾಗವನ್ನು ಎರ್ರನ ತುಂಬಿದ. ತಿಮ್ಮಣ್ಣನದು ಕೆಟ್ಟ ಕಾವ್ಯವಲ್ಲ. ಆದರೂ ನಮ್ಮ ಹಳ್ಳಿಗಳಲ್ಲಿ ಗಮಕಿ ಕೂತು ಓದಿದರೆ ಜನ ಕುಮಾರವ್ಯಾಸನನ್ನೇ ಕೇಳುತ್ತಾರೆ. ಯುದ್ಧ ಮುಗಿದ ಮೇಲಿನ ಭಾರತ ಯಾರಿಗೆ ಬೇಕು? ಅಲ್ಲಿರುವುದು ಹೆಣಗಳು, ವಿಧವೆಯರು, ಗೆದ್ದವರ ಪಶ್ಚಾತ್ತಾಪ. ಮೊಳಕಾಲ್ಮುರಿನ ನೇಕಾರರನ್ನು ಕೇಳಿದರೆ ಹೇಳುತ್ತಾರೆ, ಅರ್ಧ ನೇಯ್ದ ಸೀರೆಗೆ ಬೇರೆಯವರು ಕೂತರೆ ಎಲ್ಲಿಂದ ಕೈ ಬದಲಾಯಿತೆಂದು ಅಂಚು ನೋಡಿದವರಿಗೆ ಗೊತ್ತಾಗುತ್ತದೆ. ಹಾಗೆಂದು ಸೀರೆಯನ್ನು ಮಗ್ಗದ ಮೇಲೇ ಬಿಡಲಾಗುತ್ತದೆಯೇ? ಚಿತ್ರದುರ್ಗದ ಬಿ.ಎಲ್. ವೇಣು ಅವರು ಭರಮಣ್ಣ ನಾಯಕನನ್ನು, ಮದಕರಿ ನಾಯಕನನ್ನು ಮತ್ತೆ ಕಾದಂಬರಿಗೆ ತಂದರು. ತ.ರಾ.ಸು. ಬರೆದ ನೆಲದಲ್ಲಿ ಮತ್ತೆ ಉಳುವುದಕ್ಕೆ ಧೈರ್ಯ ಬೇಕು. ಅವರ ಭರಮಣ್ಣನ ಕತೆ 2020ರಲ್ಲಿ ‘ಬಿಚ್ಚುಗತ್ತಿ’ ಎಂಬ ಸಿನಿಮಾ ಆಯಿತು. ಸಿನಿಮಾದವರು ಹೆಸರಿನ ಜೊತೆ ‘ಚಾಪ್ಟರ್ ಒಂದು’ ಎಂದು ಹಾಕಿಯೂಬಿಟ್ಟರು.

ಅಕ್ಷರ ಬಿಟ್ಟು ಹಟ್ಟಿಗಳ ಕಡೆ ತಿರುಗಿದರೆ ಈ ಚರ್ಚೆಯ ಬಣ್ಣವೇ ಬದಲಾಗುತ್ತದೆ. ನಮ್ಮ ಸೀಮೆಯ ಕಾಡುಗೊಲ್ಲರಲ್ಲಿ ಜುಂಜಪ್ಪನ ಕತೆ, ಎತ್ತಪ್ಪನ ಕತೆ. ಮ್ಯಾಸಬೇಡರಲ್ಲಿ ಗಾದರಿಪಾಲ ನಾಯಕನ ಕತೆ. ಗಣೆ ಎಂಬ ಕೊಳಲು ಊದಿ ರಾತ್ರಿಯಿಡೀ ಹಾಡುತ್ತಾರೆ. ಅಲ್ಲಿ ಎರಡನೇ ಭಾಗ ಎಂಬ ಮಾತೇ ಇಲ್ಲ. ಕೇಳುವವರು ‘ಆಮೇಕೆ?’ ಎಂದರೆ ಹಾಡು ಬೆಳೆಯುತ್ತದೆ, ತೂಕಡಿಸಿದರೆ ಹಾಡುಗಾರ ನಾಲ್ಕು ಸಾಲು ಹಾರಿಸಿ ಮುಗಿಸುತ್ತಾನೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಸಾವಿರಾರು ಹಾಡುಗಳನ್ನು ಕಂಠದಲ್ಲಿಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರು ಅವರು ಕೂತು ಕೇಳಿ ಬರೆದುಕೊಂಡದ್ದರಿಂದ ಅವು ಪುಸ್ತಕವಾಗಿ ನಮಗೆ ಸಿಕ್ಕವು; ಹಂಪಿ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಅಚ್ಚಾದದ್ದು ಸಂತೋಷವೇ. ಆದರೆ ಅಚ್ಚಾದ ದಿನದಿಂದ ಆ ಹಾಡಿಗೂ ಒಂದು ಕೊನೆ ಪುಟ ಬಂತು, ಅದು ಸ್ವಲ್ಪ ಕಸಿವಿಸಿ. ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ ಕಾದಂಬರಿಯಲ್ಲ, ಮುಕುಂದೂರು ಸ್ವಾಮಿಗಳ ಒಡನಾಟದ ನೆನಪು. ಅದನ್ನು ಮುಚ್ಚಿಟ್ಟಾಗಲೂ ಅದೇ ಕಸಿವಿಸಿ. ಸ್ವಾಮಿಗಳು ಇನ್ನೂ ಏನೋ ಮಾತಾಡುತ್ತಿದ್ದರು, ನಮಗೆ ಕೇಳಿಸುವುದು ನಿಂತಿತು, ಅಷ್ಟೇ.

ಇಷ್ಟೆಲ್ಲ ಸುತ್ತಿ ನಾನು ಬರಬೇಕೆಂದಿದ್ದದ್ದು ‘ದುರ್ಗಾಸ್ತಮಾನ’ದ ಕೊನೆಯ ಪುಟದ ಆಚೆಗೆ. ನಮ್ಮ ಓದುಗರು ಮದಕರಿ ನಾಯಕ ಶ್ರೀರಂಗಪಟ್ಟಣದಲ್ಲಿ ಏನಾದ ಎಂದು ಕೇಳುತ್ತಾರೆ. ನಾನು ಕೇಳುವುದು ಅವನ ಹಿಂದೆ ನಡೆದವರ ಬಗ್ಗೆ. ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ಹೇಳಿದ್ದಾನೆ, ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಕೂಡ ಹೇಳಿದ್ದಾರೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದ ರೈಸ್ ಅವರೇ. ಈ ಇಬ್ಬರ ಬರಹದ ಪ್ರಕಾರ ದುರ್ಗ ಹಿಡಿದ ಮೇಲೆ ಹೈದರ್ ಬೇಡರ ಬಲ ಮುರಿಯಲು ಸುಮಾರು 20,000 ಜನರನ್ನು ಇಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ. ಅವರಲ್ಲಿ ವಯಸ್ಸಿಗೆ ಬಂದ ಹುಡುಗರನ್ನು ಮತ ಬದಲಿಸಿ ಚೇಲಾ ಎಂಬ ಪಡೆಗಳಿಗೆ ಸೇರಿಸಲಾಯಿತು. ಚರಿತ್ರೆಯಲ್ಲಿ ಇದು ಒಂದೆರಡು ವಾಕ್ಯ. ಕಾದಂಬರಿಗಾರನಿಗೆ ಇದು ಒಂದು ಮಾಲೆಯೇ ಆಗಬಲ್ಲ ಸರಕು.

ಯೋಚಿಸಿ ನೋಡಿ. ದುರ್ಗದಿಂದ ಶ್ರೀರಂಗಪಟ್ಟಣಕ್ಕೆ ಹಿರಿಯೂರು, ಸಿರಾ ದಾಟಿ ಹೋಗುವ ದಾರಿ, 1779ರ ಬೇಸಿಗೆ. ಕೋಟೆ ಬಿದ್ದದ್ದು ಮಾರ್ಚ್ ತಿಂಗಳಲ್ಲಿ. ಆ ಬಿಸಿಲು ಎಂಥದ್ದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳನ್ನು ಕಂಕುಳಲ್ಲಿ ಹೊತ್ತ ಹೆಂಗಸರು, ದೇವರ ಪೆಟ್ಟಿಗೆ ಹೊತ್ತ ಪೂಜಾರಿ, ದೇವರ ಎತ್ತುಗಳನ್ನು ಯಾರ ವಶಕ್ಕೆ ಬಿಟ್ಟು ಬಂದೆವೆಂದು ಸಂಕಟಪಡುವ ಕಿಲಾರಿ. ಮ್ಯಾಸಬೇಡರಿಗೆ ದೇವರ ಎತ್ತು ಎಂದರೆ ಏನೆಂದು ಬಲ್ಲವರು ಬಲ್ಲರು. ಆ ಹುಡುಗರಲ್ಲಿ ಒಬ್ಬ ಚೇಲಾ ಪಡೆಯ ಸಿಪಾಯಿಯಾಗಿ, ಹೊಸ ಹೆಸರು ಹೊತ್ತು, ಟಿಪ್ಪುವಿನ ಪರವಾಗಿ 1792ರಲ್ಲೋ 1799ರಲ್ಲೋ ಬ್ರಿಟಿಷರ ಎದುರು ನಿಂತಿರಬಹುದು. ತನ್ನ ಊರನ್ನು ಕೆಡವಿದವನ ಮಗನ ಕೋಟೆ ಕಾಯುತ್ತ ಅವನು ಏನು ನೆನೆಸಿಕೊಂಡಿದ್ದಾನು? 1799ರಲ್ಲಿ ಶ್ರೀರಂಗಪಟ್ಟಣವೂ ಬಿದ್ದ ಮೇಲೆ ಯಾರಾದರೂ ತಿರುಗಿ ಬಂದರೇ? ಬಂದವರನ್ನು ಹಟ್ಟಿಯವರು ಒಳಕ್ಕೆ ಸೇರಿಸಿಕೊಂಡರೇ? ಹಟ್ಟಿಯ ಕಟ್ಟುಪಾಡು ಎಷ್ಟು ಬಿಗಿಯೆಂದು ಬಲ್ಲ ನನಗೆ ಈ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇದನ್ನು ಹೈದರ್ ಕೆಟ್ಟವನೋ ಒಳ್ಳೆಯವನೋ ಎಂಬ ಈಗಿನ ಕೂಗಾಟದ ಕಾದಂಬರಿ ಮಾಡಿದರೆ ಸತ್ವ ಹೋಯಿತು. ಪಾಳೆಯಗಾರರ ಕಾಲವೇನೂ ಹಾಲು ಹೊಳೆ ಹರಿಸಿದ ಕಾಲವಲ್ಲ. 1748ರ ಮಾಯಕೊಂಡದ ಯುದ್ಧದಲ್ಲಿ ಹಿರೇ ಮದಕರಿ ನಾಯಕ ಸತ್ತದ್ದು ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರಿನವರ ಕೂಟದ ಎದುರು. ನಮ್ಮ ನೆರೆಯ ರಾಯದುರ್ಗವೂ ಆ ಸಾಲಿನಲ್ಲಿತ್ತು ಎಂಬುದನ್ನು ಮೊಳಕಾಲ್ಮುರಿನವರು ಮರೆಯಬಾರದು.

ಇನ್ನೊಂದು ಎಳೆ ದನಗಳದ್ದು. ಮೈಸೂರಿನ ಅರಸರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಟಿಪ್ಪು ಅಮೃತ ಮಹಲ್ ಎಂದು ಕರೆದ. ಫಿರಂಗಿ ಎಳೆಯುವ ಎತ್ತುಗಳನ್ನು ಸಾಕಲು ನಾಡಿನ ಉದ್ದಗಲಕ್ಕೂ ಕಾವಲುಗಳನ್ನು ಇಟ್ಟಿದ್ದರು. ಕೋಟೆಗಳನ್ನು ಕೆಡವಿದ ಫಿರಂಗಿಯ ಹಿಂದೆ ಇಂಥ ಹುಲ್ಲುಗಾವಲಿನ ಎತ್ತುಗಳ ಕಸುವು ಇತ್ತು. ನಮ್ಮ ಚಳ್ಳಕೆರೆ ಕಡೆಯ ಅಮೃತ ಮಹಲ್ ಕಾವಲಿನಲ್ಲಿ ಈಗ ಕುದಾಪುರದ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆ ಆವರಣವಿದೆ. ರಕ್ಷಣಾ ಸಂಶೋಧನೆಯವರು ಮನುಷ್ಯನಿಲ್ಲದೆ ಹಾರುವ ವಿಮಾನಗಳ ಪರೀಕ್ಷೆ ನಡೆಸುವ ಜಾಗವೂ ಅಲ್ಲೇ ಇದೆ. ಕುರಿ ಮೇಯಿಸುತ್ತಿದ್ದವರು ಬೇಲಿಯ ಹೊರಗೆ ನಿಂತಿದ್ದಾರೆ. ಎತ್ತು ಎಳೆದ ಫಿರಂಗಿಯಿಂದ ಆಳಿಲ್ಲದ ವಿಮಾನದವರೆಗೆ ಒಂದೇ ಹುಲ್ಲುಗಾವಲು. ಯಾರಾದರೂ ಒಂಬತ್ತನೆಯ ಪುಸ್ತಕ ಬರೆಯುವುದಾದರೆ ಅದು ಈ ಬೇಲಿಯವರೆಗೂ ಬರಬೇಕು. ನಡುವೆ ಚಳ್ಳಕೆರೆಯ ಎಣ್ಣೆ ಗಿರಣಿಗಳ ಏಳುಬೀಳು, ಶೇಂಗಾ ನಂಬಿ ಕೆಟ್ಟ ವರ್ಷಗಳು, ಬೋರ್‌ವೆಲ್ ಕೊರೆಸಿದ ಸಾಲ, ಗೌರಸಮುದ್ರದ ಮಾರಮ್ಮನ ಜಾತ್ರೆಯ ಧೂಳು, ನಾಯಕನಹಟ್ಟಿಯ ತೇರು, ಮಗ್ಗ ಬಿಟ್ಟು ಬೆಂಗಳೂರಿನ ಕಾವಲುಗಾರನಾದ ನೇಕಾರ. ಕೋಟೆಯ ಒಳಗೆ ಕೂತು ಬರೆದರೆ ಇವರಾರೂ ಕಾಣುವುದಿಲ್ಲ. ತ.ರಾ.ಸು. ಅವರಿಗೆ ಕೋಟೆ ಬೇಕಿತ್ತು, ಕೋಟೆಯ ಕಲ್ಲು ಕಲ್ಲಿಗೂ ಮಾತು ಕೊಟ್ಟರು. ಅವರ ಮುಂದಿನವರು ಬೆಟ್ಟ ಇಳಿದು ಬಯಲಿಗೆ ಬರಬೇಕು.

ಬರೆಯುವ ಉತ್ಸಾಹವಿರುವ ಹುಡುಗ ಹುಡುಗಿಯರು ಈಗ ಇದನ್ನು ಕೇಳುತ್ತಿದ್ದರೆ ಅವರಿಗೆ ಎರಡು ಮಾತು. ಶ್ರೀರಂಗಪಟ್ಟಣದ ಸುತ್ತಮುತ್ತ ದುರ್ಗದ ಕಡೆಯಿಂದ ಬಂದೆವು ಎನ್ನುವ ಮನೆತನಗಳಿವೆಯೇ ಎಂದು ಹೋಗಿ ಕೇಳಿ. ಹಟ್ಟಿಯ ಹಿರಿಯರ ಬಾಯಲ್ಲಿ ಶ್ರೀರಂಗಪಟ್ಟಣದ ಹೆಸರು ಯಾವ ಹಾಡಿನಲ್ಲಿ, ಯಾವ ಹರಕೆಯಲ್ಲಿ ಬರುತ್ತದೆಂದು ಗಮನಿಸಿ. ಕಾಗದದಲ್ಲಿ ಇಲ್ಲದ್ದು ಅಲ್ಲಿ ಸಿಗಬಹುದು, ಸಿಗದೆಯೂ ಇರಬಹುದು. ಇನ್ನೊಂದು, ದಯವಿಟ್ಟು ಹದಿನೈದನೆಯ ಅಧ್ಯಾಯದಲ್ಲಿ ಕತೆ ಸೊರಗಿತೆಂದು ಒನಕೆ ಓಬವ್ವನನ್ನು ಮತ್ತೆ ಎಬ್ಬಿಸಿ ತರಬೇಡಿ. ಆಕೆ ತನ್ನ ಕೆಲಸ ಮಾಡಿ ಹೋಗಿದ್ದಾಳೆ. ಅವಳ ಪಕ್ಕದ ಮನೆಯವಳ ಹೆಸರೇನಿತ್ತು, ಕೋಟೆ ಬಿದ್ದ ಮರುದಿನ ಅವಳು ಒಲೆಗೆ ಏನು ಹಾಕಿದಳು, ಅಲ್ಲಿಂದ ಶುರುಮಾಡಿ.